ಮೊದಲ ಅಕ್ಷರದ ನಂಬರು

ಬಸ್ಸಿನಲ್ಲಿ ಸುಮ್ಮನೆ ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಕಿಟಕಿ ಪಕ್ಕ ಸೀಟು ಸಿಕ್ಕರಂತೂ ಮುಗಿದೇ ಹೋಯಿತು. ದಾರಿಯುದ್ದಕ್ಕೂ ಬರುವ ಬೋರ್ಡುಗಳ ಮೊದಲ ಇಂಗ್ಲಿಷ್ ಅಕ್ಷರಕ್ಕೆ ಬಾಯೊಳಗೇ ನಂಬರು ಹಚ್ಚುತ್ತಾ ಹೋಗುತ್ತೇನೆ. ಕಡೂರು ಬಂತೋ, ಎಪ್ಪತ್ತೈದು. ಬೀರೂರು ಬಂತೋ, ಅರವತ್ತಾರು. ತರೀಕೆರೆ ಎಂಬತ್ತನಾಲ್ಕು. ನಮ್ಮೂರು ಅಜ್ಜಂಪುರ ಅರವತ್ತೈದು. ಮೊನ್ನೆ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ತುಟಿಯನ್ನೇ ನೋಡಿ ನೋಡಿ ಸಾಕಾಗಿ, "ಯಾವ ಮಂತ್ರ ಅಕ್ಕ ಅದು, ಮಂಡಿನೋವಿಗಾ?" ಅಂತ ಕೇಳಿಯೇ ಬಿಟ್ಟಳು. ಹ್ಞೂಂ ಅಂದುಬಿಟ್ಟೆ. ಕಂಪ್ಯೂಟರು, ಅಕ್ಷರ, ಸಂಖ್ಯೆ ಅಂತ ವಿವರಿಸಲು ಹೋಗಿದ್ದರೆ ಅವಳು ಇಳಿಯುವ ಊರು ದಾಟಿ ಹೋಗುತ್ತಿತ್ತು.

ನೀವಾದರೂ ಕೇಳಿ. ಕಂಪ್ಯೂಟರಿಗೆ ಅಕ್ಷರ ಅಂದರೇನು ಅಂತಲೇ ಗೊತ್ತಿಲ್ಲ ಕಣ್ರೀ. ಅದಕ್ಕೆ ಗೊತ್ತಿರುವುದು ಸಂಖ್ಯೆ ಒಂದೇ. ಹಾಗಾಗಿ ಅದನ್ನು ಮಾಡಿದ ಪುಣ್ಯಾತ್ಮರು ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಒಂದೊಂದು ನಂಬರು ಕೊಟ್ಟು ಕೂರಿಸಿದ್ದಾರೆ. ದೊಡ್ಡ ಎ ಅರವತ್ತೈದು, ಬಿ ಅರವತ್ತಾರು, ಹಾಗೇ ಸಾಲಾಗಿ ಝಡ್ ತೊಂಬತ್ತು. ಯಾವ ಅಕ್ಷರಕ್ಕೆ ಯಾವ ನಂಬರು ಅಂತ ಮಿಷನ್ನನ್ನೇ ಕೇಳಬಹುದು. ಆಗಿನ ಬೇಸಿಕ್ ಭಾಷೆಯಲ್ಲಿ ಅದಕ್ಕೆ 'ಆಸ್ಕ್' ಅಂತ ಒಂದು ಅಪ್ಪಣೆ ಇತ್ತು. ಆಸ್ಕ್ ಅಂತ ಬರೆದು ಮುಂದೆ ಕಡೂರು ಅಂತ ಕೊಟ್ಟರೆ ಎಪ್ಪತ್ತೈದು ಅನ್ನುತ್ತಿತ್ತು. ಪೂರ್ತಿ ಹೆಸರು ಕೊಟ್ಟರೂ ಅದು ನೋಡುತ್ತಿದ್ದುದು ಮೊದಲ ಅಕ್ಷರ ಮಾತ್ರ. ಹಿಂದಿನವು ಇದ್ದರೆಷ್ಟು, ಬಿಟ್ಟರೆಷ್ಟು. ಎಲ್ಲ ಅಕ್ಷರದ ನಂಬರೂ ಬೇಕೆಂದರೆ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ, ಒಂದೊಂದನ್ನೂ ಬೇರೆ ಬೇರೆ ಕೇಳಬೇಕು. ಇಷ್ಟೇ ವಿದ್ಯೆ.

ಇದನ್ನು ನಾನು ಕಲಿತದ್ದು ಎಂಬತ್ತರ ದಶಕದ ನಡುವೆ, ತರೀಕೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೆಂಪರರಿ ಟೀಚರಾಗಿದ್ದಾಗ. ಶಾಲೆಗೆ ಸರ್ಕಾರದ ಕಡೆಯಿಂದ ಒಂದು ಕಂಪ್ಯೂಟರು ಬಂದಿಳಿಯಿತು. ಹೆಡ್ಮೇಷ್ಟ್ರು ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಒಂದು ರೂಮಿನಲ್ಲಿ ಕೂರಿಸಿ ಬೀಗ ಜಡಿದರು. ಬೀಗದ ಕೈ ಅವರ ಉಡಿದಾರದಲ್ಲಿ. ರೂಮಿಗೆ ಹೋಗಬೇಕಾದರೆ ಚಪ್ಪಲಿ ಹೊರಗೆ, ಜೋರು ಮಾತಿಲ್ಲ, ಸೀನುವವರು ಮುಂಚೆಯೇ ಸೀನಿ ಬರಬೇಕು. ಮಿಷನ್ ಮುಟ್ಟಲು ಹಿರಿಯ ಮೇಷ್ಟ್ರುಗಳು ಯಾರೂ ಒಪ್ಪಲಿಲ್ಲ. ಕೆಟ್ಟರೆ ಸಂಬಳದಲ್ಲಿ ಹಿಡಿಯುತ್ತಾರೆ ಅಂತ ಯಾರೋ ಸುದ್ದಿ ಹಬ್ಬಿಸಿದ್ದರು. ನನಗಿದ್ದ ಸಂಬಳದಲ್ಲಿ ಹಿಡಿಯುವುದಕ್ಕೆ ಏನಿತ್ತು? ಜೊತೆಗೆ ನನ್ನ ಕೈಯೋ, ಸುಮ್ಮನಿರುವ ಕೈಯಲ್ಲ. ತರಬೇತಿಗೆ ನನ್ನನ್ನೇ ಕಳಿಸಿದರು.

ಸುಮ್ಮನಿರದ ಕೈ ಕಾಲು ನನಗೆ ಹುಟ್ಟುತ್ತಲೇ ಬಂದದ್ದು. "ಇವ್ಳ ಕಾಲಿಗೆ ಚಕ್ರ ಕಟ್ಟಿ ಕಳ್ಸವ್ನೆ ಶಿವ" ಅನ್ನುತ್ತಿದ್ದಳು ಅವ್ವ. ಎಪ್ಪತ್ತರ ದಶಕದ ಅಜ್ಜಂಪುರದಲ್ಲಿ ಆ ಕಾಲಿಗೆ ತಕ್ಕ ಜಾಗ ಎರಡೇ, ಒಂದು ರೈಲ್ವೆ ಸ್ಟೇಷನ್ನು, ಇನ್ನೊಂದು ಅಪ್ಪನ ಈರುಳ್ಳಿ ಮಂಡಿ. ರೈಲು ಬಂದಾಗ ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಗೆ ಓಡಿ, ಕಾರಣವೇ ಇಲ್ಲದೆ ಎಲ್ಲರಿಗೂ ಟಾಟಾ ಮಾಡಿ, ಅಲ್ಲಿಂದ ಮಂಡಿಗೆ ಓಡುತ್ತಿದ್ದೆ. ಮಂಡಿಯಲ್ಲಿ ಮೂಟೆ ಹತ್ತುವುದು, ಇಳಿಯುವುದು, ಬೈಸಿಕೊಳ್ಳುವುದು. ನಮ್ಮ ಮೂಟೆಗಳ ಮೇಲೆಲ್ಲ ನೀಲಿ ಬಣ್ಣದಲ್ಲಿ 'ನಿ' ಅಂತ ಒಂದೇ ಅಕ್ಷರ. ಪಕ್ಕದ ಮಂಡಿಯವರದ್ದು 'ರು', ಎದುರಿನವರದ್ದು 'ಚ'. ಲಾರಿ ಇಳಿಸುವಾಗ ಗಲಾಟೆಯಾಗದಿರಲಿ ಅಂತ ಒಬ್ಬೊಬ್ಬರದು ಒಂದೊಂದು ಗುರುತು. ನಿ ಅಂದರೆ ನಾನು, ನಿರ್ಮಲ. ನಾನು ಹುಟ್ಟಿದ ವರ್ಷ ವ್ಯಾಪಾರ ಕುದುರಿತಂತೆ, ಅಪ್ಪ ತಮ್ಮ ಹೆಸರಿನ ಅಕ್ಷರ ಅಳಿಸಿ ನನ್ನದನ್ನು ಹಾಕಿಸಿದ್ದರು. ಹಮಾಲಿಗಳು "ನಿ ಎಷ್ಟ್ ಬಂತ್ರೋ?" ಅಂತ ಕೂಗಿದಾಗೆಲ್ಲ ನಾನು ನನ್ನನ್ನೇ ಕರೆದರೆಂದು ಓಡಿ ಹೋಗುತ್ತಿದ್ದೆ. ಆ ಜಂಬ ಈಗ ನೆನೆಸಿಕೊಂಡರೆ ನಗು ಬರುತ್ತೆ.

ಅಪ್ಪನಿಗೆ ಮೊದಲ ಅಕ್ಷರದ ಮೇಲೆ ಅಷ್ಟು ನಂಬಿಕೆ ಬರುವುದಕ್ಕೆ ಇನ್ನೂ ಒಂದು ಕಾರಣ ಇತ್ತು. ಅದು ಪಂಚನಹಳ್ಳಿಯ ಎಮ್ಮೆ. ಇದನ್ನು ಹೇಳದೆ ಮುಂದಕ್ಕೆ ಹೋದರೆ ನನಗೆ ಸಮಾಧಾನ ಇಲ್ಲ.

ನಮ್ಮ ಕಡೆ ಜಾತಕ ಬರೆಸುವವರು ಕಡಿಮೆ. ಹುಟ್ಟಿದ ಹೊತ್ತು ಯಾವುದು ಅಂದರೆ "ದನ ಮನೆಗ್ ಬರೋ ಹೊತ್ತು" ಅನ್ನುತ್ತಾರೆ. ಯಾವ ಮನೆ ದನ, ಯಾವ ದಿನದ್ದು, ದೇವರೇ ಬಲ್ಲ. ಹಾಗಾಗಿ ಏನೇ ಶುಭಕಾರ್ಯ ಇರಲಿ, ಅಯ್ನೋರ ಹತ್ತಿರ ಹೋಗಿ ಹೆಸರುಬಲ ಕೇಳುವುದು. ಹೆಸರಿನ ಮೊದಲ ಅಕ್ಷರಕ್ಕೆ ಇಂಥ ನಕ್ಷತ್ರ, ಇಂಥ ರಾಶಿ ಅಂತ ಪಂಚಾಂಗದಲ್ಲಿ ಕಟ್ಟಿಟ್ಟಿರುತ್ತಾರೆ. ಅಕ್ಷರ ನೋಡಿ ರಾಶಿ ಹಿಡಿದು, ಕೂಡುತ್ತೆ ಇಲ್ಲಾ ಕೂಡಲ್ಲ ಅಂತ ಅಯ್ನೋರು ಹೇಳಿಬಿಡುತ್ತಾರೆ. ಪಂಚನಹಳ್ಳಿಯ ನಮ್ಮ ಚಿಕ್ಕಪ್ಪ ತೆಂಗಿನ ತೋಟದಲ್ಲಿ ಬೋರು ಕೊರೆಸಲು ಹೊರಟಾಗ ಅವರ ಹೆಸರಿಗೆ ಬಲ ಬರಲಿಲ್ಲ. ಚಿಕ್ಕಮ್ಮನ ಹೆಸರಿಗೂ ಇಲ್ಲ, ಮಕ್ಕಳ ಹೆಸರಿಗೂ ಇಲ್ಲ. 'ಗ' ಅಕ್ಷರದವರು ಪೂಜೆ ಮಾಡಿದರೆ ನೀರು ಗ್ಯಾರಂಟಿ ಅಂದರು ಅಯ್ನೋರು. ಮನೆಯಲ್ಲಿ ಗ ಅಕ್ಷರದ್ದು ಅಂತ ಇದ್ದದ್ದು ಎಮ್ಮೆ ಗೌರಿ ಒಬ್ಬಳೇ. ಸರಿ, ಗೌರಿಗೆ ಮೈ ತೊಳೆದು, ಕೊಂಬಿಗೆ ಹೂ ಸುತ್ತಿ, ಬೋರಿನ ಲಾರಿಯ ಮುಂದೆ ನಿಲ್ಲಿಸಿ, ಅವಳ ಹೆಸರಲ್ಲೇ ಪೂಜೆ ಮಾಡಿ ಕೊರೆಸಿದರು. ನೀರು ಬಂತು ನೋಡಿ! ಚಿಮ್ಮಿದ ನೀರಿಗೆ ಹೆದರಿ ಗೌರಿ ಹಗ್ಗ ಕಿತ್ತುಕೊಂಡು ಓಡಿದಳು. ಅವಳನ್ನು ಹುಡುಕಿ ತರುವ ಹೊತ್ತಿಗೆ ಪ್ರಸಾದ ಖಾಲಿಯಾಗಿತ್ತು. ಅವತ್ತಿಂದ ಅಪ್ಪನ ಎದುರು ಹೆಸರುಬಲದ ಬಗ್ಗೆ ಎರಡು ಮಾತಾಡುವ ಹಾಗಿರಲಿಲ್ಲ.

ಈಗ ಮದುವೆ ವಿಷಯಕ್ಕೆ ಬರ್ತೀನಿ. ತರೀಕೆರೆ ಶಾಲೆಗೆ ದಿನಾ ಬಸ್ಸಲ್ಲಿ ಓಡಾಡುತ್ತಿದ್ದಾಗಲೇ ಸಖರಾಯಪಟ್ಟಣದಿಂದ ಒಂದು ಗಂಡು ನೋಡಲು ಬಂತು. ಹೆಸರು ಕಲ್ಲೇಶಪ್ಪ, ಕಡೂರಿನ ಕರೆಂಟ್ ಆಫೀಸಿನಲ್ಲಿ ಕೆಲಸ. ತಂದೆ ಇಲ್ಲ, ಮನೆಗೆ ತಾಯಿಯೇ ಯಜಮಾನಿ. ತಾಯಿಗೆ ಮೈ ಸರಿ ಇಲ್ಲವೆಂದು ಅವತ್ತು ಚಿಕ್ಕಪ್ಪನ ಜೊತೆ ಬಂದಿದ್ದರು. ನಾನು ಚಾಪೆ ಮೇಲೆ ಕೂತು ಕಾಲ್ಬೆರಳಲ್ಲಿ ಚಾಪೆಯ ದಾರ ಕೀಳುತ್ತಿದ್ದೆ, ಅವ್ವ ಹಿಂದಿನಿಂದ ಚಿವುಟುತ್ತಿದ್ದಳು. ತಲೆಯೆತ್ತಿ ನೋಡಿದರೆ ಆ ಗಂಡೂ ಕೂತಲ್ಲೇ ಮಂಡಿ ಕುಣಿಸುತ್ತಿತ್ತು. ಕಲ್ಲೇಶಪ್ಪನವರು ಅಡಿಗೆ ಬರುತ್ತಾ, ಹಾಡು ಬರುತ್ತಾ ಅಂತ ಕೇಳಲಿಲ್ಲ. "ಕಂಪ್ಯೂಟರಿಗೆ ನೀವು ಹೇಳ್ಕೊಡ್ತೀರೋ, ಅದು ನಿಮಗೆ ಹೇಳ್ಕೊಡುತ್ತೋ?" ಅಂತ ಕೇಳಿದರು.

"ನಾನು ಹೇಳ್ಕೊಡ್ತೀನಿ, ಅದು ತಪ್ಪು ಅಂತ ಹೇಳುತ್ತೆ," ಅಂದೆ.

ಜೋರಾಗಿ ನಕ್ಕುಬಿಟ್ಟರು. ಅವರ ಚಿಕ್ಕಪ್ಪ ಕೆಮ್ಮಿದರು. ನನಗೆ ಆ ನಗು ಇಷ್ಟವಾಗಿಹೋಯಿತು. ಸುಳ್ಳು ಯಾಕೆ ಹೇಳಲಿ, ಅವತ್ತು ಸಾಯಂಕಾಲ ಒಲೆ ಮೇಲಿದ್ದ ಹಾಲು ಉಕ್ಕಿದ್ದೂ ನನಗೆ ಗೊತ್ತಾಗಲಿಲ್ಲ.

ಅಯ್ನೋರು ಪಂಚಾಂಗ ತೆಗೆದರು. ನಿ ಅಂದರೆ ಅನುರಾಧ, ವೃಶ್ಚಿಕ. ಕ ಅಂದರೆ ಮೃಗಶಿರ, ಮಿಥುನ. ಎಣಿಸಿ ನೋಡಿ ತಲೆಯಾಡಿಸಿದರು. ಒಂದು ರಾಶಿಗೆ ಇನ್ನೊಂದು ಆರನೇದು, ಎಂಟನೇದು, ಷಷ್ಠಾಷ್ಟಕ, ಎಣ್ಣೆ ಸೀಗೆಕಾಯಿ ಸಂಬಂಧ, ದಿನಾ ಜಗಳ, ಬೇಡ ಅಂದರು. ಅಪ್ಪನ ಮುಖ ಸಣ್ಣದಾಯಿತು. ಒಳ್ಳೆ ಸಂಬಂಧ ಕೈ ತಪ್ಪುತ್ತಲ್ಲ ಅಂತ ಅವರಿಗೂ ಸಂಕಟ. ಅದನ್ನು ನೋಡಿ ಅಯ್ನೋರೇ ಒಂದು ದಾರಿ ತೋರಿಸಿದರು. "ಹೆಣ್ಣಿನ ಹೆಸ್ರು ಬದಲಾಯ್ಸಿದ್ರೆ ಆಯ್ತಪ್ಪಾ. ಸ ಅಕ್ಷರದಲ್ಲಿ ಇಡಿ. ಸರ್ವಮಂಗಳ. ಏನ್ ಚೆಂದಾಗೈತೆ!"

ಮನೆಯಲ್ಲಿ ಹಬ್ಬ. ಸಖರಾಯಪಟ್ಟಣಕ್ಕೆ ಹೇಳಿ ಕಳಿಸಿದರು. ಅಲ್ಲಿಂದಲೂ ಒಪ್ಪಿಗೆ ಬಂತು. ಅವರ ಮನೆಯಲ್ಲಿ ಬರುವ ಸೊಸೆಯರಿಗೆಲ್ಲ ಹೊಸ ಹೆಸರಿಡುವುದು ಹಳೇ ಪದ್ಧತಿಯಂತೆ, ಬಲ ಕೂಡಲಿ ಬಿಡಲಿ. ಅವ್ವ ಆಗಲೇ "ಸರೂ" ಅಂತ ಕರೆದು ನೋಡಿಯೂ ಆಯಿತು. ನಾನು ಓಗೊಡಲಿಲ್ಲ.

"ಹೆಸ್ರು ತಾನೇ ಕಣಮ್ಮ," ಅಂದರು ಅಪ್ಪ.

"ಹೆಸ್ರು ತಾನೇ ಅಂದ್ರೆ? ನಾನೇನ್ ಈರುಳ್ಳಿ ಮೂಟೇನಾ, ಒಂದ್ ಅಕ್ಷರ ಅಳ್ಸಿ ಇನ್ನೊಂದ್ ಬಳಿಯೋಕೆ?"

ಅಪ್ಪ ಎದ್ದು ಮಂಡಿಗೆ ಹೋದರು. ಅವರಿಗೆ ನೋವಾಯಿತು ಅಂತ ಗೊತ್ತಾಯಿತು. ನನಗೂ ಆಗಿತ್ತು, ಯಾರು ಯಾರನ್ನು ಸಮಾಧಾನ ಮಾಡುವುದು?

ಅವತ್ತಿಂದ ನನ್ನ ಕಾಲಿನ ಚಕ್ರ ನಿಲ್ಲಲೇ ಇಲ್ಲ. ಬಸ್ಸಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ನಿಂತು ಹೋಗುತ್ತಿದ್ದೆ, ಆಮೇಲೆ ಒಳಗೆ ಬಂದು ಕೂರುತ್ತಿದ್ದೆ, ಮತ್ತೆ ಎದ್ದು ನಿಲ್ಲುತ್ತಿದ್ದೆ. "ಮೇಡಮ್ನೋರೇ, ಒಂದ್ ಕಡೆ ಇರಿ, ಟಿಕೆಟ್ ಕೊಟ್ಟಿದೀನೋ ಇಲ್ವೋ ನಂಗೇ ಮರ್ತೋಗುತ್ತೆ" ಅಂತ ಕಂಡಕ್ಟರು ಗೋಗರೆಯುತ್ತಿದ್ದ. ಸೀಮೆಸುಣ್ಣ ಮುರಿದು ಮುರಿದು ಪುಡಿ ಮಾಡಿದೆ. ಕಂಪ್ಯೂಟರ್ ರೂಮಿಗೆ ಹೋದರೆ ಕೈ ತಾನಾಗೇ ಆಸ್ಕ್, ನಿರ್ಮಲ ಅಂತ ಹೊಡೆಯುತ್ತಿತ್ತು. ಎಪ್ಪತ್ತೆಂಟು. ಆಸ್ಕ್, ಸರ್ವಮಂಗಳ. ಎಂಬತ್ತಮೂರು. ಆಸ್ಕ್, ಕಲ್ಲೇಶ್. ಕಡೂರಿನ ನಂಬರೇ, ಎಪ್ಪತ್ತೈದು. ಅಯ್ನೋರೂ ಅಷ್ಟೇ, ಇದೂ ಅಷ್ಟೇ, ಮೊದಲ ಅಕ್ಷರ ಮುಟ್ಟಿ ಕೈ ತೊಳೆದುಕೊಳ್ಳುತ್ತೆ ಅಂತ ಮಿಷನ್ನಿನ ಮೇಲೆ ಸಿಟ್ಟು. ಇಪ್ಪತ್ತು ಚಿಲ್ಲರೆ ವರ್ಷ ಆ ಹೆಸರಲ್ಲಿ ಬೈಸಿಕೊಂಡಿದ್ದೇನೆ, ಹಾಜರಿ ಹೇಳಿದ್ದೇನೆ, ಜ್ವರದಲ್ಲಿ ಅವ್ವ ಕೂಗಿದಾಗ ಕಣ್ಣು ಬಿಟ್ಟಿದ್ದೇನೆ. ಹೆಸರು ಬಿಟ್ಟು ಆ ಮನುಷ್ಯನನ್ನು ಮದುವೆಯಾಗಲೋ, ಆ ಮನುಷ್ಯನನ್ನು ಬಿಟ್ಟು ಹೆಸರು ಉಳಿಸಿಕೊಳ್ಳಲೋ? ಎರಡೂ ಬೇಕಿತ್ತು ನನಗೆ. ಒಂದನ್ನು ಬಿಡು ಅನ್ನಲು ಇವರ್ಯಾರು ಅನ್ನಿಸುತ್ತಿತ್ತು.

ಕೊನೆಗೆ ತಡೆಯಲಾರದೆ, ಶಾಲೆಯ ಕರೆಂಟು ಪದೇ ಪದೇ ಹೋಗುತ್ತೆ ಅಂತ ದೂರು ಕೊಡುವ ನೆಪ ಮಾಡಿಕೊಂಡು ಕಡೂರಿಗೆ ಹೋದೆ. ತರೀಕೆರೆಯ ಕರೆಂಟಿಗೆ ಕಡೂರಲ್ಲಿ ಯಾರಾದರೂ ದೂರು ಕೊಡುತ್ತಾರಾ? ಆಫೀಸಿನವರೆಲ್ಲ ನಗು ತಡೆದುಕೊಂಡು ಕಲ್ಲೇಶಪ್ಪನವರನ್ನು ಹೊರಗೆ ಕಳಿಸಿದರು. ಹೊಂಗೆ ಮರದ ಕೆಳಗೆ ನಿಂತೆವು. ನಿಂತೆವು ಅಂದರೆ ಅವರು ನಿಂತರು, ನಾನು ಅತ್ತಿಂದಿತ್ತ ಓಡಾಡುತ್ತಿದ್ದೆ.

"ನಂಗೆ ಹೆಸ್ರು ಬದಲಾಯ್ಸ್ಕೊಳ್ಳೋಕೆ ಇಷ್ಟ ಇಲ್ಲ," ಅಂದೆ. ಮಿಷನ್ನಿಗೆ ಹೆಸರು ಕೊಟ್ಟು ನಂಬರು ಕೇಳುತ್ತಾ ಕೂರುವುದನ್ನೂ ಹೇಳಿಬಿಟ್ಟೆ.

"ನಂಗೂ ಅದೇನ್ ಬೇಕಾಗಿಲ್ಲ ಕಣ್ರೀ. ಆದ್ರೆ ನಮ್ಮಮ್ಮ, ಮನೆ ಪದ್ಧತಿ..."

"ಹಂಗಾದ್ರೆ ನಿಮ್ಮದನ್ನ ಬದಲಾಯ್ಸ್ಕೊಳ್ಳಿ. ನಿ ಅಕ್ಷರಕ್ಕೆ ಯಾವ್ದು ಕೂಡುತ್ತೋ ಅಯ್ನೋರ್ನೇ ಕೇಳಿದ್ರಾಯ್ತು."

ಆ ಮನುಷ್ಯ ನಗಲಿಲ್ಲ, ಬೈಯಲೂ ಇಲ್ಲ. ನಿಜವಾಗಿ ಯೋಚನೆ ಮಾಡತೊಡಗಿದರು. "ನಮ್ಮ ಮನೆದೇವ್ರು ಕಲ್ಲೇಶ್ವರನ ಹೆಸ್ರು ಇದು. ಬಿಡು ಅಂದ್ರೆ ಅಮ್ಮ ಊಟ ಬಿಡ್ತಾಳೆ," ಅಂದರು. "ಹೋಟೆಲ್ಗೆ ಹೋಗಿ ಒಂದ್ ಕಾಫಿ ಕುಡಿಯೋಣ, ಬನ್ನಿ."

"ಕಾಫಿ ಬ್ಯಾಡ. ನಿಮ್ಮಮ್ಮನ್ಗೆ ಹೇಳಿ, ಸರ್ವಮಂಗಳ ಅನ್ನೋ ಹುಡುಗಿ ಎಲ್ಲಾದ್ರೂ ಸಿಕ್ರೆ ಮದ್ವೆ ಮಾಡ್ಲಿ," ಅಂದವಳೇ ಬಸ್‌ಸ್ಟ್ಯಾಂಡಿಗೆ ಹೊರಟುಬಿಟ್ಟೆ. ಬೀರೂರು ಬರುವ ತನಕ ಧೈರ್ಯ ಇತ್ತು. ಅಲ್ಲಿಂದಾಚೆ ಅಳು ಬಂತು. ಪಕ್ಕದವರಿಗೆ ಕಣ್ಣಿಗೆ ಧೂಳು ಬಿತ್ತು ಅಂದೆ. ಸಖರಾಯಪಟ್ಟಣದ ಆ ಕಾಣದ ಅತ್ತೆಯ ಮೇಲೆ ದಾರಿಯುದ್ದಕ್ಕೂ ಹಲ್ಲು ಕಡಿದೆ. ಊಟ ಬಿಡುತ್ತಾರಂತೆ, ಬಿಡಲಿ, ನಾನೂ ಬಿಡ್ತೀನಿ ಅಂದುಕೊಂಡೆ. ರಾತ್ರಿ ಹೊಟ್ಟೆ ತುಂಬಾ ಮುದ್ದೆ ಉಂಡದ್ದು ಬೇರೆ ಮಾತು.

ಅದಾದ ವಾರದಲ್ಲಿ ಒಂದು ದಿನ ಕಂಪ್ಯೂಟರ್ ರೂಮಿನಲ್ಲಿ ಒಬ್ಬಳೇ ಕೂತಿದ್ದಾಗ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಡುವ ಸದ್ದಾಯಿತು. ಸಣ್ಣ ಆಳಿನ ಹೆಂಗಸು, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕಂಕುಳಲ್ಲಿ ಬಟ್ಟೆ ಚೀಲ. ಮೊದಲು ಮಿಷನ್ನಿಗೆ ಕೈ ಮುಗಿದರು, ಆಮೇಲೆ ನನ್ನ ಕಡೆ ನೋಡಿದರು.

"ನಾನು ಕಲ್ಲೇಶನ ತಾಯಿ, ಗಿರಿಜಮ್ಮ. ನನ್ ತವರು ಇಲ್ಲೇ ಹತ್ರ, ಬಂದಿದ್ದೆ. ನನ್ ಮಗನ್ ಹತ್ರ ಜಗಳ ಆಡಿದ್ಯಂತೆ?"

ಬೈಯಲು ಬಂದಿದ್ದಾರೆ ಅಂತ ಗಟ್ಟಿ ಮಾಡಿಕೊಂಡೆ. "ಆಡಿದ್ದು ನಿಜ," ಅಂದೆ. ಕುರ್ಚಿ ಕೊಟ್ಟೆ. ಕೂರಲಿಲ್ಲ.

"ಹೆಸ್ರು ಕೊಟ್ರೆ ಇದು ನಂಬ್ರು ಹೇಳುತ್ತಂತೆ? ಕಲ್ಲೇಶ ಅಂದ."

ಮಗ ಇದನ್ನೆಲ್ಲ ತಾಯಿಗೆ ಹೇಳಿದ್ದಾನಲ್ಲ ಅಂತ ಒಳಗೊಳಗೇ ಆಶ್ಚರ್ಯ. "ಹೇಳುತ್ತೆ. ನಿಮ್ಮ ಹೆಸ್ರು ಹಾಕ್ಲಾ?" ಅಂದೆ.

"ಬ್ಯಾಡ. ಹೊನ್ನಮ್ಮ ಅಂತ ಹಾಕು."

ಹಾಕಿದೆ. ಪರದೆ ಮೇಲೆ ಎಪ್ಪತ್ತೆರಡು ಅಂತ ಮೂಡಿತು. ಅಂಕಿ ಅವರಿಗೆ ಬರುತ್ತಿತ್ತು. ಹತ್ತಿರ ಬಗ್ಗಿ ನೋಡಿ, "ಇಷ್ಟೇನಾ?" ಅಂದರು.

"ಇದು ಮೊದಲ್ನೇ ಅಕ್ಷರದ್ದು ಮಾತ್ರ. ಹಿಂದಿನವನ್ನ ತಾನಾಗೇ ನೋಡಲ್ಲ ಅದು."

"ಹಿಂದಿನವು ಏನ್ ಪಾಪ ಮಾಡಿದ್ವು? ಎಲ್ಲಾನೂ ಕೇಳು."

ನಾನು ಕೂತು ಸಣ್ಣದೊಂದು ಪ್ರೋಗ್ರಾಮು ಬರೆದೆ. ಹೆಸರಿನ ಉದ್ದ ತಿಳಿದುಕೋ, ಮೊದಲನೆಯದರಿಂದ ಕೊನೆಯವರೆಗೆ ಒಂದೊಂದೇ ಅಕ್ಷರ ಬಿಡಿಸು, ಅದರ ನಂಬರು ಹೇಳು, ಮುಂದಿನದಕ್ಕೆ ಹೋಗು. ನಾಲ್ಕೈದು ಸಾಲು, ಅಷ್ಟೇ. ಅಷ್ಟು ಹೊತ್ತೂ ಅವರು ನನ್ನ ಹೆಗಲ ಹಿಂದೆ ನಿಂತಿದ್ದರು. ರನ್ ಅಂದೆ. ಎಪ್ಪತ್ತೆರಡು, ಎಪ್ಪತ್ತೊಂಬತ್ತು, ಎಪ್ಪತ್ತೆಂಟು, ಎಪ್ಪತ್ತೆಂಟು, ಅರವತ್ತೈದು, ಎಪ್ಪತ್ತೇಳು, ಎಪ್ಪತ್ತೇಳು, ಅರವತ್ತೈದು. ಒಂದರ ಕೆಳಗೊಂದು ಇಳಿದು ನಿಂತವು. ಅವರು ಪ್ರತಿಯೊಂದನ್ನೂ ಬೆರಳಿಟ್ಟು ಓದಿದರು. ಪರದೆ ಮುಟ್ಟಬೇಡಿ ಅನ್ನುವ ಹೆಡ್ಮೇಷ್ಟ್ರ ಮಾತು ನನ್ನ ಬಾಯಿಗೆ ಬಂತು, ಹೇಳಲಿಲ್ಲ.

"ಯಾರಮ್ಮಾ ಹೊನ್ನಮ್ಮ?" ಅಂದೆ.

"ನಾನೇ ಕಣಮ್ಮ. ಆ ಮನೆಗೆ ಬರೋ ಮುಂಚೆ."

ಅವರೇ ಕುರ್ಚಿ ಎಳೆದುಕೊಂಡು ಕೂತರು.

"ನಮ್ಮ ಮಾವನೋರು ಗಿರಿಜ ಅಂತ ಇಟ್ರು. ಒಳ್ಳೇ ಹೆಸ್ರೇ, ಇಲ್ಲ ಅನ್ನಲ್ಲ. ಆದ್ರೆ ಕರೆದ್ರೆ ನಂಗೆ ತಿರುಗಿ ನೋಡ್ಬೇಕು ಅಂತ್ಲೇ ಗೊತ್ತಾಯ್ತಿರ್ಲಿಲ್ಲ. ಹಿಂದಿಂದ ಗಿರಿಜಾ ಗಿರಿಜಾ ಅಂತ ಕೂಗೋರು, ನಾನು ನನ್ ಪಾಡಿಗೆ ಪಾತ್ರೆ ಬೆಳಗ್ತಾ ಇರೋಳು. ಹುಡುಗಿ ಕಿವುಡಿ, ಮೋಸ ಮಾಡಿ ಕೊಟ್ಟವ್ರೆ ಅಂತ ನಮ್ಮಪ್ಪನ್ನ ಕರ್ಸಿ ಪಂಚಾಯ್ತಿ ಮಾಡುದ್ರು. ನಮ್ಮಪ್ಪ ಬಂದು, ಅಂಗಳದಲ್ ನಿಂತು ಹೊನ್ನೀ ಅಂದ. ನಾನ್ ಎದ್ನೋ ಬಿದ್ನೋ ಅಂತ ಓಡ್ ಬಂದೆ. ಕಿವುಡಲ್ಲ ಅಂತ ಎಲ್ರಿಗೂ ಗೊತ್ತಾಯ್ತು, ಸುಮ್ನಾದ್ರು. ಹೆಸ್ರು ಮಾತ್ರ ಗಿರಿಜಾನೇ ಉಳೀತು. ಅಪ್ಪ ಹೋದ. ಅವ್ವ ಹೋದ್ಲು. ಅಣ್ಣನೂ ಹೋದ. ಈಗ ಹೊನ್ನಿ ಅನ್ನೋರು ಭೂಮಿ ಮೇಲೆ ಯಾರೂ ಇಲ್ಲ. ಕಲ್ಲೇಶಂಗೂ ಗೊತ್ತಿಲ್ಲ ಇದು."

ಕಣ್ಣು ಒರೆಸಿಕೊಳ್ಳಲಿಲ್ಲ ಅವರು, ನೀರು ಇರಲಿಲ್ಲ ಅಲ್ಲಿ. ನನ್ನ ಕಣ್ಣಲ್ಲಿತ್ತು. ಒಂದು ವಾರದಿಂದ ಯಾರ ಮೇಲೆ ಹಲ್ಲು ಕಡಿದಿದ್ದೆನೋ ಅವರ ಕೈ ಹಿಡಿದುಕೊಂಡೆ. ಗಟ್ಟಿ ಕೈ, ಅಂಗೈಯೆಲ್ಲ ತೆಂಗಿನ ನಾರಿನ ಹಾಗೆ ಒರಟು.

"ಅಯ್ನೋರಿಗೆ ನಾನ್ ಹೇಳ್ತೀನಿ," ಅಂದರು. "ನಮ್ಮನೆ ಪದ್ಧತಿ ನನ್ ಜೊತೇಲೇ ಮುಗೀಲಿ. ನೀನ್ ನಿರ್ಮಲ ಅಂತ್ಲೇ ಬಾ. ಆರೋ ಎಂಟೋ, ಜಗಳ ಆದ್ರೆ ನಾನಿದೀನಿ ಬಿಡ್ಸೋಕೆ."

ಆಮೇಲೆ ಚೀಲ ತಗೊಂಡು ಎದ್ದರು. ಬಾಗಿಲ ತನಕ ಹೋಗಿ, ಚಪ್ಪಲಿಗೆ ಕಾಲು ತೂರಿಸುತ್ತಾ, ನನಗೆ ಬೆನ್ನು ಹಾಕಿಯೇ ನಿಂತರು. ಅವರಿಗೇ ನಾಚಿಕೆಯಾದಂತಿತ್ತು.

"ಆ ಹೆಸ್ರನ್ನ ಮಿಷಿನ್ನಿಗೆ ಹೇಳ್ದಲ್ಲ, ನೀನೂ ಒಂದ್ಸಲ ಹಂಗೇ ಕರಿ," ಅಂದರು.

"ಹೊನ್ನತ್ತೇ," ಅಂತ ಕೂಗಿದೆ.

"ಓ," ಅಂತ ತಿರುಗಿದರು.